ಹೆತ್ತವರ ಬಾಲ್ಯ



ಚರಿತ್ರೆಯ ಪಾಠ ಹೇಳುವವನಿಗೆ ಒಂದು ವಿಚಿತ್ರವಾದ ಅನುಭವ ಆಗಾಗ ಒದಗುವುದುಂಟು. ತಾಳಿಕೋಟೆಯ ಯುದ್ಧ ನಡೆದ ಇಸವಿ ಯಾವುದೆಂದು ತರಗತಿಯಲ್ಲಿ ಕೇಳಿದರೆ 1565 ಎಂದು ಹತ್ತು ಕೈಗಳು ಮೇಲೇಳುತ್ತವೆ. ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು ಯಾವಾಗ ಎಂದರೆ 1799 ಎಂಬ ಉತ್ತರ ನಾಲಗೆಯ ತುದಿಯಲ್ಲಿರುತ್ತದೆ. ಅದೇ ವಿದ್ಯಾರ್ಥಿಗಳನ್ನು, ‘ನಿಮ್ಮ ತಾಯಿಯವರ ತಾಯಿ ಎಷ್ಟನೆಯ ತರಗತಿಗೆ ಶಾಲೆ ಬಿಟ್ಟರು? ಏತಕ್ಕೆ ಬಿಟ್ಟರು?’ ಎಂದು ಕೇಳಿದರೆ ಕೋಣೆಯೆಲ್ಲ ಮೌನ. ನಾಲ್ಕು ಶತಮಾನಗಳ ಹಿಂದಿನ ಸಂಗತಿ ಗೊತ್ತು. ಮನೆಯ ನಡುಮನೆಯಲ್ಲಿ ಕುಳಿತವರ ಅರುವತ್ತು ವರ್ಷದ ಹಿಂದಿನ ಸಂಗತಿ ಗೊತ್ತಿಲ್ಲ. ಹುಡುಗರನ್ನು ಆಕ್ಷೇಪಿಸಿ ಪ್ರಯೋಜನವಿಲ್ಲ. ಇಂಥದೂ ಚರಿತ್ರೆಯೆಂದು ಅವರಿಗೆ ಯಾರೂ ಹೇಳಿದವರಿಲ್ಲ. ಹೇಳಬೇಕಾಗಿದ್ದ ನಾವು ರಾಜರ ವಂಶಾವಳಿಯಲ್ಲಿ ತೊಡಗಿದ್ದೆವು.

ನಮ್ಮ ನಾಡಿನಲ್ಲಿ ದಾಖಲೆಗಳಿಗೆ ಕೊರತೆಯಿಲ್ಲ. ರೈಸ್ ಸಾಹೇಬರು 1886ರಿಂದ ಮೊದಲುಗೊಂಡು ಎರಡು ದಶಕಗಳಷ್ಟು ಕಾಲ ಶ್ರಮಪಟ್ಟು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರಕ್ಕೆ ಸಮೀಪವಾದಷ್ಟು ಶಾಸನಗಳನ್ನು ಒಟ್ಟುಗೂಡಿಸಿದರು. ದಾನ ಕೊಟ್ಟವರು, ದಾನ ಪಡೆದವರು, ಕೆರೆ ಕಟ್ಟಿಸಿದವರು, ತುರುಗಳನ್ನು ಬಿಡಿಸಲು ಹೋಗಿ ಸತ್ತವರು, ಎಲ್ಲರೂ ಅಲ್ಲಿದ್ದಾರೆ. ಮಂಡ್ಯದ ಸೀಮೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಂತೂ ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಗೂ ಸ್ಥಾನ ದೊರೆತಿದೆ. ಆ ಊರಿನ ಮಕ್ಕಳು ಏನನ್ನು ಉಂಡರು, ಯಾವ ಆಟವಾಡಿದರು, ಯಾವ ಕಾಯಿಲೆಯಿಂದ ಸತ್ತರು ಎಂಬುದನ್ನು ಮಾತ್ರ ಯಾವ ಕಲ್ಲೂ ಹೇಳುವುದಿಲ್ಲ. ಸರ್ಕಾರದ ಕಡತಗಳ ಕಾಲ ಬಂದಮೇಲೂ ಸ್ಥಿತಿ ಬಹಳವಾಗಿ ಬದಲಾಗಲಿಲ್ಲ. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತೆಂದು ಕಡತ ಹೇಳುತ್ತದೆ. ಆ ನಡುವಣ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಒಂದು ಮನೆಯ ಒಂದು ಮಗು ಏನನ್ನು ಕಂಡಿತು ಎಂಬುದು ಮೊಮ್ಮಕ್ಕಳಿಗೆ ಹೇಳಿದ ಕಥೆಯಾಗಿ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆದುದರಿಂದ ಹೆತ್ತವರ ಬಾಲ್ಯವನ್ನು ಅವರ ಬಾಯಿಂದಲೇ ಕೇಳಿ ತಿಳಿಯುವುದು ಚರಿತ್ರೆಯ ಒಂದು ಕೆಲಸವೆಂಬುದು ನನ್ನ ಅಭಿಪ್ರಾಯ. ಪಶ್ಚಿಮದಲ್ಲಿ ಇದು ಶಾಸ್ತ್ರವಾಗಿಯೇ ಬೆಳೆದಿದೆ. 1948ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಅಲನ್ ನೆವಿನ್ಸ್ ಎಂಬ ವಿದ್ವಾಂಸರು ಪ್ರಾರಂಭಿಸಿದಾಗ ದೊಡ್ಡ ಮನುಷ್ಯರ ನೆನಪುಗಳನ್ನಷ್ಟೇ ಸಂಗ್ರಹಿಸುತ್ತಿದ್ದರು. ಅನಂತರ ಬಂದವರು ಗಣಿಯ ಕೂಲಿಗಳನ್ನೂ ಮನೆಯ ಹೆಂಗಸರನ್ನೂ ಕೇಳತೊಡಗಿದರು. ನಾವು ಅಷ್ಟು ದೂರ ಹೋಗಬೇಕಾದುದಿಲ್ಲ. ಕೇಳಬೇಕಾದವರು ನಮ್ಮ ಮನೆಯಲ್ಲಿಯೇ ಇದ್ದಾರೆ. ಆದರೆ ಕೇಳುವ ಬಗೆ ತಿಳಿದಿರಬೇಕು.

‘ಅಪ್ಪಾ, ನಿಮ್ಮ ಬಾಲ್ಯ ಹೇಗಿತ್ತು?’ ಎಂದು ಕೇಳಿ ನೋಡಿ. ‘ಹೇಗಿರುತ್ತೆ? ಕಷ್ಟ ಇತ್ತು. ನಿಮ್ಮ ಹಾಗೆ ಅಲ್ಲ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಮೇಲೆ ಒಂದಿಷ್ಟು ಬುದ್ಧಿವಾದವೂ ಸೇರಿಕೊಳ್ಳಬಹುದು. ಬಾಲ್ಯ ಎಂಬ ಮಾತು ಪುಸ್ತಕದ್ದು. ಅದನ್ನು ಮುಂದಿಟ್ಟರೆ ಪುಸ್ತಕದ ಉತ್ತರವೇ ಬರುತ್ತದೆ. ಅದರ ಬದಲಾಗಿ, ‘ನಿಮಗೆ ಜಾತ್ರೆಗೆಂದು ಎಷ್ಟು ದುಡ್ಡು ಕೊಡುತ್ತಿದ್ದರು? ಅದಕ್ಕೆ ಏನು ಬರುತ್ತಿತ್ತು?’ ಎಂದು ಕೇಳಬೇಕು. ಮುದುಕರ ಮುಖ ಆಗ ಬೇರೆಯಾಗುತ್ತದೆ. ನಾನು ಹೀಗೆ ಕೇಳಿದಾಗ ನಮ್ಮ ತಂದೆಯವರು ಮೊದಲು ಹೇಳಿದ್ದು ತೂತಿನ ಕಾಸಿನ ವಿಷಯ. ನಡುವೆ ದುಂಡಗೆ ತೂತಿದ್ದ ಆ ಕಾಸನ್ನು ಉಡಿದಾರಕ್ಕೆ ಪೋಣಿಸಿಕೊಂಡರೆ ಕಳೆದುಹೋಗುತ್ತಿರಲಿಲ್ಲವಂತೆ. ಕೇಳಿದವರಿಗೆ ಇದೊಂದು ತಮಾಷೆಯ ಮಾತು. ಚರಿತ್ರೆ ಓದಿದವನಿಗೆ ತಾರೀಖು. ಯುದ್ಧಕಾಲದಲ್ಲಿ ತಾಮ್ರಕ್ಕೆ ಅಭಾವವುಂಟಾದ್ದರಿಂದ 1943ರಿಂದ 1947ರವರೆಗೆ ಸರ್ಕಾರ ಟಂಕಿಸಿದ ಕಾಸು ಅದು. ಯುರೋಪಿನ ಮಹಾಯುದ್ಧ ಮಂಡ್ಯದ ಬಳಿಯ ಒಂದು ಹಳ್ಳಿಯ ಹುಡುಗನ ಸೊಂಟಕ್ಕೆ ಹೀಗೆ ಬಂದು ಸೇರಿತ್ತು.

ನಾಣ್ಯದ ಮಾತು ಬಂದದ್ದರಿಂದ ಅಲ್ಲಿಯೇ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಹಿರಿಯರ ತಲೆಯಲ್ಲಿ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು, ಮೂರು ಕಾಸಿಗೆ ಒಂದು ಪೈಸೆ ಎಂಬ ಲೆಕ್ಕ ಕಲ್ಲಿನಲ್ಲಿ ಕೊರೆದಂತೆ ಕುಳಿತಿದೆ. 1957ನೆಯ ಇಸವಿ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೆ ಪೈಸೆ ಎಂಬ ಹೊಸ ಲೆಕ್ಕ ಬಂತು. ನಾಲ್ಕಾಣೆಗೆ ಇಪ್ಪತ್ತೈದು ಸರಿಯಾಗಿ ಕೂಡಿತು. ಒಂದಾಣೆಗೆ ಆರೂಕಾಲು ಆಗಬೇಕಾಗಿತ್ತು, ಕಾಲು ಪೈಸೆ ಇಲ್ಲದ್ದರಿಂದ ಸರ್ಕಾರದ ಕೋಷ್ಟಕದಲ್ಲಿ ಆರೆಂದು ಗೊತ್ತುಮಾಡಿದರು. ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು. ಹೀಗಾಗಿ ಒಂದೊಂದಾಣೆಯಂತೆ ನಾಲ್ಕು ಸಲ ಬದಲಾಯಿಸಿದವನಿಗೆ ಇಪ್ಪತ್ತನಾಲ್ಕು, ಒಟ್ಟಿಗೆ ಬದಲಾಯಿಸಿದವನಿಗೆ ಇಪ್ಪತ್ತೈದು. ‘ಶೆಟ್ಟರ ಅಂಗಡಿಯಲ್ಲಿ ನಮಗೆ ಯಾವಾಗಲೂ ಒಂದು ಪೈಸೆ ಮೋಸ ಆಗುತ್ತಿತ್ತು’ ಎಂದು ಎಪ್ಪತ್ತು ದಾಟಿದ ನಮ್ಮ ತಂದೆಯವರು ಇಂದಿಗೂ ನಂಬಿದ್ದಾರೆ. ಶೆಟ್ಟರಲ್ಲಿ ತಪ್ಪಿರಲಿಲ್ಲ, ಕೋಷ್ಟಕವೇ ಹಾಗಿತ್ತು. ಹತ್ತು ವರ್ಷದ ಹುಡುಗನೊಬ್ಬ ಒಂದು ದೊಡ್ಡ ರಾಷ್ಟ್ರೀಯ ಸುಧಾರಣೆಯನ್ನು ಕಂಡದ್ದು ಕಡಲೆಮಿಠಾಯಿಯ ತುಂಡೊಂದು ಚಿಕ್ಕದಾದುದರಲ್ಲಿ. ನಯೆ ಎಂಬ ವಿಶೇಷಣ 1964ರಲ್ಲಿ ಬಿದ್ದುಹೋಯಿತು. ಇಪ್ಪತ್ತೈದು ಪೈಸೆಯ ನಾಣ್ಯವೇ 2011ರ ಜೂನ್ ಕಡೆಗೆ ಚಲಾವಣೆ ಕಳೆದುಕೊಂಡಿತು. ‘ಹದಿನಾರಾಣೆ ಸತ್ಯ’, ‘ನಾಲ್ಕಾಣೆ ಮನುಷ್ಯ’ ಎಂಬ ಮಾತುಗಳು ಉಳಿದಿವೆ. ಅವುಗಳ ಬೆಲೆ ಈಗಿನ ಹುಡುಗರಿಗೆ ತಿಳಿಯದು.

ಅಳತೆಯದೂ ಇದೇ ಕಥೆ. ಪಾವು, ಚಟಾಕು, ಸೇರು, ಬಳ್ಳ, ಕೊಳಗ, ಖಂಡುಗ ಇವೆಲ್ಲ 1956ರ ಶಾಸನದ ತರುವಾಯ ಕೆಲವೇ ವರ್ಷಗಳಲ್ಲಿ ಪೇಟೆಯಿಂದ ಹಿಂದೆಗೆದವು. ಮನೆಯಲ್ಲಿ ಪಾವು ಇನ್ನೂ ಇದ್ದರೆ ಅದನ್ನು ತಾಯಿಯ ಕೈಗೆ ಕೊಟ್ಟು, ‘ಒಂದು ಹೊತ್ತಿಗೆ ಎಷ್ಟು ಪಾವು ಹಾಕುತ್ತಿದ್ದರು? ಎಷ್ಟು ಜನಕ್ಕೆ?’ ಎಂದು ಕೇಳಬೇಕು. ಆ ಎರಡು ಅಂಕಿಗಳಿಂದ ಆ ಮನೆಯ ಹಸಿವೆಷ್ಟೆಂಬುದನ್ನು ಗುಣಿಸಿ ತಿಳಿಯಬಹುದು. ಹಸಿವಿತ್ತೇ ಎಂದು ನೇರವಾಗಿ ಕೇಳಿದರೆ ಮಾನಸ್ಥರಾದವರು ಇಲ್ಲವೆಂದೇ ಹೇಳುತ್ತಾರೆ.

ಹಿರಿಯರಿಗೆ ಇಸವಿಗಳು ನೆನಪಿರುವುದಿಲ್ಲವೆಂದು ದೂರುವವರುಂಟು. ಅವರಿಗೆ ಕಾಲದ ಬೇರೊಂದು ಲೆಕ್ಕವಿದೆ, ಅದು ನಮ್ಮದಕ್ಕಿಂತ ಕೆಟ್ಟದ್ದೇನೂ ಅಲ್ಲ. ನಮ್ಮ ತಂದೆಯವರ ಸರ್ಕಾರಿ ದಾಖಲೆಯಲ್ಲಿ ಜನ್ಮದಿನ 1945ನೆಯ ಇಸವಿ ಜೂನ್ 1 ಎಂದಿದೆ. ಈ ನಾಡಿನಲ್ಲಿ ಅವರ ತಲೆಮಾರಿನವರು ಜೂನ್ 1ರಂದು ಎಷ್ಟು ಮಂದಿ ಹುಟ್ಟಿದ್ದಾರೆಂಬುದನ್ನು ನೋಡಿದರೆ ಅಂದು ಸೂಲಗಿತ್ತಿಯರು ಊಟಕ್ಕೂ ಕುಳಿತಿರಲಾರರು. ನಿಜವೇನೆಂದರೆ ಶಾಲೆ ಪ್ರಾರಂಭವಾಗುವ ದಿನ ಅದು. ಮಗುವಿನ ಬಲಗೈ ತಲೆಯ ಮೇಲಿಂದ ಹಾಯ್ದು ಎಡಗಿವಿಯನ್ನು ಮುಟ್ಟಿದರೆ ವಯಸ್ಸಾಯಿತೆಂದು ಮೇಷ್ಟರು ತೀರ್ಮಾನಿಸಿ, ಆ ದಿನಕ್ಕೆ ಆರು ವರ್ಷ ತುಂಬುವಂತೆ ಹಿಂದಕ್ಕೆ ಎಣಿಸಿ ಬರೆದುಕೊಳ್ಳುತ್ತಿದ್ದರು. ನಮ್ಮ ಅಜ್ಜಿಯವರಿಗೆ ಅಕ್ಷರ ಬಾರದು. ಆದರೆ ಮಗ ಹುಟ್ಟಿದ್ದು ವ್ಯಯ ಸಂವತ್ಸರದ ಪುಷ್ಯಮಾಸದಲ್ಲಿ, ಸಂಕ್ರಾಂತಿಗೆ ಒಂದು ವಾರವಿದೆ ಎನ್ನುವಾಗ, ಕಣದಲ್ಲಿ ರಾಗಿ ಬಿದ್ದಿತ್ತು ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರಂತೆ. ಜೊತೆಗೆ, ‘ಮೈಸೂರು ಚಲೋ ಗಲಾಟೆಯಲ್ಲಿ ಗಂಡಸರೆಲ್ಲ ಹೊರಟಾಗ ಇವನಿಗೆ ಹಲ್ಲು ಬರುತ್ತಿತ್ತು’ ಎಂದೂ. ವ್ಯಯ ಸಂವತ್ಸರವೆಂದರೆ 1946-47. ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರಿನಲ್ಲಿ ನಡೆದ ಆ ಚಳವಳಿ 1947ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಹುಟ್ಟಿದ್ದು 1947ರ ಜನವರಿಯ ಮೊದಲ ವಾರವೆಂದಾದರೆ ಎಂಟೊಂಬತ್ತು ತಿಂಗಳ ಕೂಸಿಗೆ ಹಲ್ಲು ಬರುವುದು ಸರಿಯಾಗಿಯೇ ಇದೆ. ಅಕ್ಷರಬಾರದ ಅಜ್ಜಿಯ ಸಾಕ್ಷ್ಯ ಎರಡು ಕಡೆಗಳಿಂದ ಕೂಡಿಬರುತ್ತದೆ; ಮೊಹರು ಬಿದ್ದ ದಾಖಲೆ ಸುಳ್ಳಾಗುತ್ತದೆ. ಮನೆಯಲ್ಲಿ ತಂಟೆ ಮಾಡುತ್ತಾನೆಂದು ನಾಲ್ಕೂವರೆ ವರ್ಷದವನನ್ನು ಶಾಲೆಗೆ ದೂಡಿದ್ದರ ಫಲವಾಗಿ ನಮ್ಮ ತಂದೆಯವರು ಸರ್ಕಾರಿ ನೌಕರಿಯಲ್ಲಿ, ಅಂದಿನ ಐವತ್ತೆಂಟರ ನಿಯಮದಂತೆ, ಇಪ್ಪತ್ತು ತಿಂಗಳು ಮುಂಚೆಯೇ ನಿವೃತ್ತರಾದರು. ಆ ಇಪ್ಪತ್ತು ತಿಂಗಳ ಸಂಬಳದಲ್ಲಿ ಏನೇನು ಆಗಬಹುದಾಗಿತ್ತೆಂಬುದನ್ನು ಅವರು ಆಗಾಗ ಲೆಕ್ಕ ಹಾಕುವುದುಂಟು.

ಪಂಚಾಂಗದ ಅರುವತ್ತು ಸಂವತ್ಸರಗಳ ಪಟ್ಟಿಯೊಂದನ್ನು ಹತ್ತಿರ ಇಟ್ಟುಕೊಂಡರೆ ಹೀಗೆ ಎಷ್ಟೋ ಗಂಟುಗಳು ಬಿಚ್ಚುತ್ತವೆ.

ಇನ್ನೊಂದು ಸಂಗತಿಯನ್ನು ಪಟ್ಟಣದ ಶ್ರೋತೃಗಳು ಮರೆಯಕೂಡದು. ಇಂದು ಕರ್ನಾಟಕವೆಂದು ನಾವು ಕರೆಯುವ ನಾಡಿನ ಹಿರಿಯರೆಲ್ಲರೂ ಒಂದೇ ರಾಜ್ಯದಲ್ಲಿ ಬಾಲ್ಯವನ್ನು ಕಳೆದವರಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಧಾರವಾಡದ ಮಗು ಮುಂಬಯಿ ಪ್ರಾಂತದ್ದು, ಮಂಗಳೂರಿನದೂ ಕೊಳ್ಳೇಗಾಲದ್ದೂ ಮದರಾಸಿನದು, ಮಡಿಕೇರಿಯದು ಕೊಡಗೆಂಬ ಪ್ರತ್ಯೇಕ ರಾಜ್ಯದ್ದು, ರಾಯಚೂರು, ಕಲಬುರಗಿ, ಬೀದರುಗಳದ್ದು ಹೈದರಾಬಾದಿನದು. ಮೈಸೂರಿನ ಶಾಲೆಗಳಲ್ಲಿ ಬಸಪ್ಪ ಶಾಸ್ತ್ರಿಗಳು ರಚಿಸಿದ ಸಂಸ್ಥಾನಗೀತೆಯನ್ನು ಹಾಡುತ್ತಿದ್ದ ಕಾಲದಲ್ಲಿ ಕಲಬುರಗಿಯ ಕನ್ನಡದ ಹುಡುಗ ಮೇಲಿನ ತರಗತಿಗಳನ್ನು ಉರ್ದುವಿನಲ್ಲಿ ಓದಬೇಕಾಗಿತ್ತು. ಅವನ ಜೇಬಿನ ರೂಪಾಯಿಯೂ ಬೇರೆ. ನಿಜಾಮರ ಹಾಲಿ ಸಿಕ್ಕದ ಏಳು ರೂಪಾಯಿ ಇಲ್ಲಿಯ ಆರು ರೂಪಾಯಿಗೆ ಸಮ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದಾಗ ಅಲ್ಲಿ ಮಕ್ಕಳಾಗಿದ್ದವರಿಗೆ ನೆನಪಿರುವುದು ಮೈಸೂರಿನವರಿಗೆ ನೆನಪಿಲ್ಲ. ಬೆಂಗಳೂರಿನ ಒಂದೇ ಬೀದಿಯ ನಾಲ್ಕು ಮನೆಗಳಲ್ಲಿ ಹೀಗೆ ನಾಲ್ಕು ರಾಜ್ಯಗಳ ಬಾಲ್ಯಗಳಿರಬಹುದು. ಬೀಗರು ಬಿಜ್ಜರಲ್ಲಿ ಒಬ್ಬರು ಅತ್ತ ಕಡೆಯವರಾಗಿದ್ದರೆ ಅವರನ್ನೂ ಕೇಳಿ; ತಮ್ಮ ಮನೆಯಲ್ಲಿ ಇಲ್ಲದ ಚರಿತ್ರೆ ಅಲ್ಲಿದೆ.

ಇನ್ನು ದೇಹದ ಮೇಲಿನ ದಾಖಲೆ. ನಮ್ಮ ಹಿರಿಯರ ತೋಳಿನ ಮೇಲೆ ಸಿಡುಬಿನ ಲಸಿಕೆಯ ದುಂಡನೆಯ ಕಲೆಗಳಿವೆ. ಭಾರತದಲ್ಲಿ ಸಿಡುಬಿನ ಕಡೆಯ ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1977ರಲ್ಲಿ ದೇಶ ಆ ರೋಗದಿಂದ ಮುಕ್ತವಾಯಿತೆಂದು ಸಾರಿದರು. ನನ್ನ ವಯಸ್ಸಿನವರ ತೋಳಿನಲ್ಲಿರುವುದು ಕ್ಷಯದ ಲಸಿಕೆಯ ಗುರುತು. ಆ ಕಲೆಯನ್ನು ತೋರಿಸಿ, ‘ಇದನ್ನು ಯಾರು ಹಾಕಿದರು? ನೀವು ಎಲ್ಲಿ ಅಡಗಿಕೊಂಡಿದ್ದಿರಿ?’ ಎಂದು ಕೇಳಿದರೆ ಕಣಜದ ಹಿಂದೆ, ಹಿತ್ತಲ ಹುಲ್ಲಿನ ಮೆದೆಯೊಳಗೆ ಅಡಗಿದ ಕಥೆಗಳು ಹೊರಬೀಳುತ್ತವೆ. 1953ರಿಂದ ಮಲೇರಿಯ ನಿವಾರಣೆಯ ಯೋಜನೆಯಲ್ಲಿ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯಲು ಬಂದವರನ್ನು ಮಲೆನಾಡಿನವರೂ ನಾಲೆಯ ಬಯಲಿನವರೂ ಮರೆತಿಲ್ಲ. ಮಂಡ್ಯದ ಸೀಮೆಗೆ 1930ರ ದಶಕದಲ್ಲಿ ನಾಲೆಯ ನೀರಿನೊಡನೆ ಭತ್ತ, ಕಬ್ಬು ಬಂದವು. ಅದೇ ನೀರಿನಲ್ಲಿ ಸೊಳ್ಳೆಯೂ ಬಂತು. ಸರ್ಕಾರದ ವರದಿಯಲ್ಲಿ ಮೊದಲನೆಯದು ಒಂದು ಅಧ್ಯಾಯ, ಎರಡನೆಯದು ಬೇರೊಂದು ಇಲಾಖೆಯ ಅಧ್ಯಾಯ. ನಮ್ಮ ಅಜ್ಜಿಯವರ ಮಾತಿನಲ್ಲಿ ಎರಡೂ ಒಂದೇ ವಾಕ್ಯ: ‘ನಾಲೆ ಬಂತು, ಅನ್ನ ಬಂತು, ಚಳಿಜ್ವರ ಬಂತು.’

ಇಲ್ಲಿಂದ ಮುಂದಕ್ಕೆ ಕೇಳುವವನು ಮೆಲ್ಲನೆ ಹೆಜ್ಜೆಯಿಡಬೇಕು. ‘ನೀವು ಎಷ್ಟು ಜನ ಮಕ್ಕಳು?’ ಎಂದರೆ ಆ ತಲೆಮಾರಿನವರಲ್ಲಿ ಅನೇಕರು, ‘ನಾವು ಉಳಿದದ್ದು ಐವರು’ ಎಂಬ ಮಾದರಿಯ ಉತ್ತರವನ್ನು ಕೊಡುತ್ತಾರೆ. ‘ಉಳಿದದ್ದು’ ಎಂಬ ಆ ಕ್ರಿಯಾಪದದಲ್ಲಿ ಒಂದು ಯುಗದ ವೈದ್ಯಚರಿತ್ರೆಯೇ ಇದೆ. 1941ರಿಂದ 1951ರವರೆಗಿನ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು ಸುಮಾರು ಮೂವತ್ತೆರಡು ವರ್ಷ; ಅಷ್ಟು ಕಡಮೆಯಾಗಲು ಮುಖ್ಯ ಕಾರಣ ಎಳೆಯ ಮಕ್ಕಳ ಸಾವು. ನಮ್ಮ ತಾಯಿಯವರು ತಮಗಿಂತ ಎರಡು ವರ್ಷಕ್ಕೆ ಕಿರಿಯಳಾದ ತಂಗಿಯೊಬ್ಬಳಿದ್ದಳೆಂಬುದನ್ನು ನನಗೆ ಹೇಳಿದ್ದು ನನಗೆ ನಲವತ್ತು ತುಂಬಿದಮೇಲೆ. ಮಳೆಗಾಲ, ಹಳ್ಳ ತುಂಬಿ ಹರಿಯುತ್ತಿತ್ತು, ಗಾಡಿ ದಾಟಲಿಲ್ಲ ಎಂದಷ್ಟೇ ಹೇಳಿ ಎದ್ದು ಒಳಗೆ ಹೋದರು. ಮಗುವಿಗೆ ಏನು ಕಾಯಿಲೆ, ಯಾವ ವರ್ಷ ಎಂದು ಹಿಂದೆ ಹೋಗಿ ಕೇಳುವುದು ಸಂಶೋಧಕನ ಧರ್ಮವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅಷ್ಟು ದಿನ ಹೇಳದೆ ಇಟ್ಟುಕೊಂಡ ಮಾತಿಗೆ ಅದರದೇ ಆದ ಹೊತ್ತಿದೆ.

ಹೆಂಗಸರ ಬಾಲ್ಯವನ್ನು ಕೇಳುವಾಗ ಮೊದಲ ಉತ್ತರದಲ್ಲಿ ನಂಬಿಕೆಯಿಡಬಾರದು. ‘ಅಮ್ಮಾ, ಏಕೆ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಿರಿ?’ ಎಂದು ಕೇಳಿದಾಗಲೆಲ್ಲ ನಮ್ಮ ತಾಯಿಯವರು, ‘ನನಗೆ ಓದು ತಲೆಗೆ ಹತ್ತಲಿಲ್ಲಪ್ಪ’ ಎನ್ನುತ್ತಿದ್ದರು. ನಾನು ಚಿಕ್ಕಂದಿನಿಂದ ಅದನ್ನೇ ಕೇಳಿಕೊಂಡು ಬೆಳೆದವನು. ಒಂದು ದಿನ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಬೇರೇನನ್ನೋ ಹೇಳುವ ನಡುವೆ, ‘ಆಗ ತಮ್ಮ ಹುಟ್ಟಿದ್ದ, ಎತ್ತಿಕೊಳ್ಳುವವರು ಬೇಕಾಗಿತ್ತು. ಮೇಷ್ಟರು ಎರಡು ಸಲ ಮನೆಗೆ ಬಂದು ಕೇಳಿದರು. ಅಪ್ಪಯ್ಯ ಕಾಫಿ ಕೊಟ್ಟು ಕಳಿಸಿದರು’ ಎಂದರು. ಓದು ತಲೆಗೆ ಹತ್ತದ ಹುಡುಗಿಗಾಗಿ ಮೇಷ್ಟರು ಎರಡು ಸಲ ಮನೆಗೆ ಬರುವುದಿಲ್ಲ. ಎತ್ತಿಕೊಂಡು ಬೆಳೆಸಿದ ಆ ತಮ್ಮನೇ ಮುಂದೆ ಎಂಜಿನಿಯರಾದರು. ಅಕ್ಕನ ಮೇಲೆ ಅವರಿಗೆ ಬಹಳ ಭಕ್ತಿ. ಸಾಕ್ಷರತೆಯ ಅಂಕಿ ಅಂಶಗಳಲ್ಲಿ ಹೆಂಗಸರ ಸಂಖ್ಯೆ ಏಕೆ ಅರ್ಧಕ್ಕೆ ನಿಂತಿತ್ತೆಂಬುದನ್ನು ನಾನು ವರ್ಷ ವರ್ಷವೂ ತರಗತಿಯಲ್ಲಿ ವಿವರಿಸುತ್ತೇನೆ. ಅದಕ್ಕೆ ಬೇಕಾದ ಕಾರಣ ನಮ್ಮ ಮನೆಯ ಮೊರದಲ್ಲಿಯೇ ಇತ್ತು.

ಅಜ್ಜಿಯರ ಕಾಲದ್ದಾದರೆ ಕೇಳಬೇಕಾದದ್ದು ಮದುವೆಯ ವಯಸ್ಸು. ಮೈಸೂರು ಸಂಸ್ಥಾನ 1894ರಷ್ಟು ಮುಂಚೆಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎಂಟು ಎಂಬ ಅಂಕಿಯನ್ನು ಸ್ವಲ್ಪ ಯೋಚಿಸಿ ನೋಡಿದರೆ ಹೆಮ್ಮೆ ಎಷ್ಟಿರಬೇಕೆಂಬುದು ತಿಳಿಯುತ್ತದೆ.

ನೆನಪು ಸಿಹಿಯಾಗಿಯೇ ಹರಿಯುತ್ತಿರುವಾಗ ಕೇಳಬೇಕಾದ ಕಹಿ ಪ್ರಶ್ನೆಯೊಂದಿದೆ. ಊರಿನ ಬಾವಿಯಿಂದ ಯಾರು ನೀರು ಸೇದುತ್ತಿರಲಿಲ್ಲ? ಶಾಲೆಯಲ್ಲಿ ಯಾರು ಎಲ್ಲಿ ಕುಳಿತುಕೊಳ್ಳುತ್ತಿದ್ದರು? ಯಾರ ಮನೆಗೆ ಹೋಗಬಾರದಾಗಿತ್ತು? ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹವೆಂದು ಮಾಡಿದ ಕಾಯಿದೆ ಬಂದದ್ದು 1955ರಲ್ಲಿ. ಹಳ್ಳಿಯ ಶಾಲೆಯ ಬಾಗಿಲಿಗೆ ಅದು ತಲುಪಿದ್ದು ಯಾವಾಗ ಎಂಬುದನ್ನು ಆಗ ಮಕ್ಕಳಾಗಿದ್ದವರೇ ಹೇಳಬೇಕು. ನಮ್ಮ ತಂದೆಯವರ ತರಗತಿಯಲ್ಲಿ ಬಾಗಿಲ ಬಳಿ ಬೇರೆಯಾಗಿ ಕುಳಿತುಕೊಳ್ಳುತ್ತಿದ್ದ ಹುಡುಗನೊಬ್ಬನಿದ್ದನು. ಲೆಕ್ಕದಲ್ಲಿ ಅವನೇ ಮೊದಲು, ಅಕ್ಷರವೂ ದುಂಡಗೆ. ಅವನ ಹೆಸರು, ಅಂಗಿಯ ಬಣ್ಣ ಎಲ್ಲವೂ ನಮ್ಮ ತಂದೆಯವರಿಗೆ ನೆನಪಿದೆ. ಅವನ ಮನೆ ಎಲ್ಲಿತ್ತೆಂದು ಕೇಳಿದೆ. ಗೊತ್ತಿಲ್ಲವೆಂದರು. ಐದು ವರ್ಷ ಒಂದೇ ಶಾಲೆ, ಇನ್ನೂರು ಮನೆಯ ಊರು. ಆ ಹುಡುಗನ ಮಕ್ಕಳು ತಮ್ಮ ತಂದೆಯನ್ನು ಇದೇ ಪ್ರಶ್ನೆ ಕೇಳಿದ್ದರೆ ಅಲ್ಲಿ ದೊರೆಯುವ ಉತ್ತರ ಬೇರೆಯಾಗಿರುತ್ತದೆ. ಆ ಎರಡು ಉತ್ತರಗಳನ್ನೂ ಪಕ್ಕ ಪಕ್ಕ ಇಡದೆ ಆ ಊರಿನ ಚರಿತ್ರೆಯನ್ನು ಬರೆಯಲಾಗದು. ‘ಆ ಕಾಲ ಚಿನ್ನದಂಥ ಕಾಲ’ ಎಂದು ನಿಟ್ಟುಸಿರಿಡುವವರನ್ನು ಕಂಡಾಗ ನನಗೆ ಬಾಗಿಲ ಬಳಿಯ ಆ ಜಾಗ ಕಣ್ಣಮುಂದೆ ಬರುತ್ತದೆ.

ನೆನಪನ್ನು ನಂಬುವುದೆಷ್ಟು ಎಂಬ ಆಕ್ಷೇಪಣೆಯನ್ನು ನನ್ನ ಸಹೋದ್ಯೋಗಿಗಳು ಎತ್ತುವುದುಂಟು. ನ್ಯಾಯವಾದ ಆಕ್ಷೇಪಣೆ. ನಮ್ಮ ತಾಯಿಯವರು ತಾವು ಚಿಕ್ಕವರಾಗಿದ್ದಾಗ ದಸರೆಯಲ್ಲಿ ನಾಲ್ವಡಿಯವರನ್ನು ಆನೆಯ ಮೇಲೆ ಕಂಡೆವೆಂದು ಹೇಳುತ್ತಾರೆ. ಅಂಬಾರಿಯ ಹೊಳಪು, ಮಹಾರಾಜರ ಗಂಭೀರವಾದ ಮುಖ ಎಲ್ಲವನ್ನೂ ವರ್ಣಿಸುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾದದ್ದು 1940ರ ಆಗಸ್ಟಿನಲ್ಲಿ. ನಮ್ಮ ತಾಯಿಯವರು ಹುಟ್ಟಿದ್ದು ಅದಕ್ಕೆ ಹತ್ತು ವರ್ಷಗಳ ತರುವಾಯ. ಅವರು ಕಂಡದ್ದು ಜಯಚಾಮರಾಜ ಒಡೆಯರನ್ನು. ಹಾಗಾದರೆ ಸುಳ್ಳೇ? ವಿಚಾರಿಸುತ್ತ ಹೋದಾಗ ತಿಳಿದದ್ದೇನೆಂದರೆ ನಾಲ್ವಡಿಯವರನ್ನು ಕಂಡವರು ನಮ್ಮ ತಾಯಿಯ ತಾಯಿ. ಅವರು ಪ್ರತಿ ನವರಾತ್ರಿಯಲ್ಲೂ ಮಕ್ಕಳಿಗೆ ಆ ಕಥೆ ಹೇಳಿ ಹೇಳಿ, ತಾಯಿಯ ಕಣ್ಣು ಮಗಳ ಕಣ್ಣಾಗಿಬಿಟ್ಟಿತ್ತು. ಒಬ್ಬ ಅರಸನ ಮೇಲೆ ಪ್ರಜೆಗಳಿಗಿದ್ದ ಪ್ರೀತಿ ಆತನ ಮರಣಾನಂತರ ಹೇಗೆ ಮುಂದುವರಿಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಯಾವ ಕಡತದಲ್ಲಿಯೂ ದೊರೆತಿಲ್ಲ.

ಇಟಲಿಯಲ್ಲಿ ಪೋರ್ಟೆಲಿ ಎಂಬ ವಿದ್ವಾಂಸರು ಇಂಥದೇ ಒಂದು ತಪ್ಪನ್ನು ಹಿಡಿದು ಬಹಳ ದೂರ ನಡೆದಿದ್ದಾರೆ. ಟೆರ್ನಿ ಎಂಬ ಕೈಗಾರಿಕಾ ಪಟ್ಟಣದಲ್ಲಿ ಟ್ರಾಸ್ಟುಲಿ ಎಂಬ ಕಾರ್ಮಿಕನು ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನೇಟೋ ಒಪ್ಪಂದದ ವಿರುದ್ಧದ ಪ್ರದರ್ಶನದಲ್ಲಿ. ಊರಿನ ಅನೇಕ ಕೆಲಸಗಾರರು ಮಾತ್ರ ಅವನು ಸತ್ತದ್ದು 1953ರಲ್ಲಿ, ಕಾರ್ಖಾನೆಯಿಂದ ಸಾವಿರಾರು ಮಂದಿಯನ್ನು ತೆಗೆದುಹಾಕಿದಾಗಿನ ಗಲಭೆಯಲ್ಲಿ ಎಂದು ಹೇಳುತ್ತಿದ್ದರು. ತಮ್ಮ ಬದುಕಿನ ದೊಡ್ಡ ಪೆಟ್ಟು ಯಾವುದೋ ಅದರ ಪಕ್ಕಕ್ಕೆ ಆ ಸಾವನ್ನು ಅವರು ಸಾಗಿಸಿಕೊಂಡಿದ್ದರು. ಇಸವಿ ತಪ್ಪಾಗಿದ್ದರೂ ಪೆಟ್ಟು ಯಾವುದೆಂಬುದು ಸರಿಯಾಗಿತ್ತು. ನಮ್ಮವರೇ ಆದ ಎಂ. ಎನ್. ಶ್ರೀನಿವಾಸರ ಸಂಗತಿಯನ್ನೂ ಇಲ್ಲಿ ನೆನೆಯಬಹುದು. 1948ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿದ್ದು ಅವರು ಸಂಗ್ರಹಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳೆಲ್ಲ 1970ರ ಏಪ್ರಿಲಿನಲ್ಲಿ ಸ್ಟಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಅನಂತರ ಅವರು ನೆನಪಿನ ಬಲದಿಂದಲೇ ಬರೆದ, 1976ರಲ್ಲಿ ಪ್ರಕಟವಾದ ಗ್ರಂಥವನ್ನೇ ಇಂದು ಎಲ್ಲರೂ ಓದುತ್ತಾರೆ.

ಅಂದಮಾತ್ರಕ್ಕೆ ಹಿರಿಯರು ಹೇಳುವಾಗ ನಡುವೆ ಬಾಯಿಹಾಕಿ, ‘ಅದು 1953, ನೀವು ಹೇಳಿದ್ದು ತಪ್ಪು’ ಎಂದು ತಿದ್ದುವವರಿಗೆ ಈ ಕೆಲಸ ಒಗ್ಗದು. ಒಂದು ಸಲ ತಿದ್ದಿಸಿಕೊಂಡ ಮುದುಕರು ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ಪಂಚಾಂಗ, ಗೆಜೆಟಿಯರುಗಳನ್ನು ರಾತ್ರಿ ಒಬ್ಬರೇ ಕುಳಿತು ತೆರೆಯಬಹುದು.

ಹಬ್ಬದ ದಿನ ಎಲ್ಲರ ಮುಂದೆ ಕೂರಿಸಿ ಕೇಳುವುದು ಪ್ರಯೋಜನವಿಲ್ಲ. ಆಗ ಅವರು ಪದ್ಧತಿಯಂತೆ ಹೇಳುವ ಕಥೆಗಳನ್ನೇ ಹೇಳುತ್ತಾರೆ. ಕೈಗೆ ಕೆಲಸವಿರುವ ಹೊತ್ತು ಒಳ್ಳೆಯದು. ಬತ್ತಿ ಹೊಸೆಯುವಾಗ, ಸೊಪ್ಪು ಬಿಡಿಸುವಾಗ ಕಣ್ಣು ಕೆಳಗಿರುತ್ತದೆ. ಕಣ್ಣು ಕೆಳಗಿರುವಾಗ ಮಾತು ಸರಾಗವಾಗಿ ಬರುತ್ತದೆ. ತಂದೆಯನ್ನೂ ತಾಯಿಯನ್ನೂ ಬೇರೆ ಬೇರೆಯಾಗಿ ಒಮ್ಮೆ, ಒಟ್ಟಾಗಿ ಒಮ್ಮೆ ಕೇಳಬೇಕು. ಒಟ್ಟಿಗಿದ್ದಾಗ ಒಬ್ಬರನ್ನೊಬ್ಬರು ಖಂಡಿಸುವುದರಲ್ಲಿ ಎಷ್ಟೋ ಹೊಸ ಸಂಗತಿಗಳು ಬೀಳುತ್ತವೆ. ಹುಟ್ಟಿದ ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿ: ಕೊಟ್ಟಿಗೆ ಎಲ್ಲಿ, ಬಚ್ಚಲು ಎಲ್ಲಿ, ಬಾಣಂತಿಯ ಕೋಣೆ ಯಾವುದು, ಯಾರು ಯಾವ ಮೂಲೆಯಲ್ಲಿ ಮಲಗುತ್ತಿದ್ದರು. ನಮ್ಮ ತಂದೆಯವರು ಬರೆದ ನಕ್ಷೆಯಲ್ಲಿ ಎತ್ತುಗಳಿಗಿದ್ದ ಸ್ಥಳ ಮನುಷ್ಯರಿಗಿದ್ದ ಸ್ಥಳಕ್ಕಿಂತ ದೊಡ್ಡದಾಗಿತ್ತು. ಅದು ಸರಿಯೇ ಎಂದು ಕೇಳಿದ್ದಕ್ಕೆ, ‘ಮತ್ತೆ? ಅವು ದುಡಿಯುತ್ತಿದ್ದವಲ್ಲ’ ಎಂದರು.

ಧ್ವನಿಯನ್ನು ಹಿಡಿದಿಡುವ ಯಂತ್ರ ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಉಪಯೋಗಿಸಿ, ಹೇಳಿ ಉಪಯೋಗಿಸಿ. ಆದರೆ ಬರೆದಿಟ್ಟುಕೊಳ್ಳುವುದನ್ನೂ ಬಿಡಬೇಡಿ. ಇನ್ನೂರು ಪುಟದ ಒಂದು ನೋಟುಪುಸ್ತಕ ಸಾಕು. ಕೇಳಿದ ದಿನ, ಸ್ಥಳ, ಜೊತೆಯಲ್ಲಿ ಯಾರಿದ್ದರು ಎಂಬುದನ್ನು ಮೊದಲು ಬರೆಯಿರಿ. ಅವರು ಆಡಿದ ಮಾತನ್ನು ಅವರ ಮಾತಿನಲ್ಲಿಯೇ, ಬಲಗಡೆಯ ಪುಟದಲ್ಲಿ ಮಾತ್ರ ಬರೆಯಿರಿ. ಎಡಗಡೆಯ ಪುಟವನ್ನು ಹಾಗೆಯೇ ಬಿಟ್ಟಿರಿ. ಒಂದು ವರ್ಷ ಕಳೆದು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಅದು ಬೇಕಾಗುತ್ತದೆ.